ಎಸಿ ಹಾಕಿದ ಕೂಡಲೇ ಜನರೇಟರಿನ ಸದ್ದು ಬದಲಾಗುವುದೇಕೆ?

2024ರ ಡಿಸೆಂಬರ್ ತಿಂಗಳ ಆ ಸುದ್ದಿ ಹಲವರಿಗೆ ನೆನಪಿರಬಹುದು. ಮಂಗಳೂರಿನಿಂದ ಕೋಝಿಕ್ಕೋಡಿಗೆ ಹೋಗುವ ರೈಲಿನಲ್ಲಿ ಸಿಗುವ ವಡಗರದಲ್ಲಿ, ರಸ್ತೆ ಬದಿ ನಿಲ್ಲಿಸಿದ್ದ ಒಂದು ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಮರಣೋತ್ತರ ಪರೀಕ್ಷೆಯಲ್ಲಿ ಕಾರಣ ಗೊತ್ತಾಯಿತು: ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ. ಆಮೇಲೆ ಕ್ಯಾಲಿಕಟ್ ಎನ್‌ಐಟಿಯ ತಜ್ಞರು ಸೇರಿ ಪರೀಕ್ಷೆ ಮಾಡಿದಾಗ, ಆ ಗಾಳಿ ಬಂದದ್ದು ಬಂಡಿಯದ್ದೇ ಜನರೇಟರಿನಿಂದ ಎಂಬುದು ತಿಳಿಯಿತು. ಮನೆಯ ಹಾಗೆ ಎಲ್ಲ ಸೌಕರ್ಯ ಇರುವ ಬಂಡಿಯಲ್ಲಿ, ಎಸಿಯ ತಂಪಿಗೆಂದು ಓಡುತ್ತಿದ್ದ ಯಂತ್ರವೇ ಜೀವ ತೆಗೆಯಿತು.

ನಮ್ಮ ಮನೆಗಳಿಗೆ ಇದು ದೂರದ ವಿಷಯ ಅಲ್ಲ. ಸೌದಿ, ಕುವೈತ್, ಯುಎಇಗಳಲ್ಲಿ ಚಳಿಗಾಲ ಬಂತೆಂದರೆ ಅಲ್ಲಿನ ಕುಟುಂಬಗಳು ಮರುಭೂಮಿಗೆ ಹೋಗಿ ಡೇರೆ ಹಾಕುತ್ತವೆ, ಕ್ಯಾರವಾನ್ ನಿಲ್ಲಿಸುತ್ತವೆ. ಅಲ್ಲಿ ಬಂಡಿ ಓಡಿಸುವವರು, ಅಡುಗೆ ಮಾಡುವವರು, ಜನರೇಟರ್ ನೋಡಿಕೊಳ್ಳುವವರು ಯಾರು? ಎಷ್ಟೋ ಕಡೆ ನಮ್ಮದೇ ಮಕ್ಕಳು. ಪಕ್ಕದ ಕೇರಳದಲ್ಲಿ 2021ರಿಂದ ಸರಕಾರವೇ ಕ್ಯಾರವಾನ್ ಪ್ರವಾಸಕ್ಕೆ ಯೋಜನೆ ಮಾಡಿದೆ. ಕುಟುಂಬ ಸಮೇತ ಬಾಡಿಗೆಗೆ ತೆಗೆದುಕೊಂಡು ಹೋಗುವವರು ನಮ್ಮಲ್ಲಿಯೂ ಶುರುವಾಗಿದ್ದಾರೆ. ಆದ್ದರಿಂದ ಈ ಜನರೇಟರ್ ಎಂಬುದು ಹೇಗೆ ಕೆಲಸ ಮಾಡುತ್ತದೆ, ಲೋಡ್ ಹೆಚ್ಚಾದಾಗ, ಕಮ್ಮಿಯಾದಾಗ ಅದು ಏನು ಮಾಡುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ದಮ್ಮಾಮಿನಲ್ಲಿ ಕೆಲವು ವರ್ಷ ಹೌಸ್ ಡ್ರೈವರ್ ಆಗಿದ್ದ ಊರಿನ ಹುಡುಗನೊಬ್ಬ ಮೊನ್ನೆ ಹೇಳಿದ: "ಉಸ್ತಾದ್, ಎಸಿ ಆನ್ ಮಾಡುವಾಗ ಜನರೇಟರ್ ಒಮ್ಮೆ ಉಸಿರು ಕಟ್ಟಿದ ಹಾಗೆ ಆಗ್ತದೆ. ಲೈಟ್ ಮಂಕಾಗ್ತದೆ. ಆಮೇಲೆ ಜೋರಾಗಿ ಸದ್ದು ಮಾಡಿ ಸರಿಯಾಗ್ತದೆ. ಕೆಲವು ಸಲ ಸರಿಯಾಗದೆ ಆಫ್ ಆಗಿಯೇ ಬಿಡ್ತದೆ. ಆಗ ಕಫೀಲರ ಮನೆಯವರ ಬೈಗುಳ ನನಗೆ."

ಬೈಗುಳ ಅವನಿಗೆ ಯಾಕೆ ಸಿಗಬಾರದಿತ್ತು ಎಂದು ಈಗ ನೋಡುವ.

ಸೈಕಲ್ ಡೈನಮೊ ನೆನಪಿದೆಯೇ?

ನಲವತ್ತು ದಾಟಿದವರಿಗೆ ಸೈಕಲಿನ ಡೈನಮೊ ಗೊತ್ತು. ಟಯರಿಗೆ ತಾಗಿಸಿ, ದೀಪ ಉರಿಸಿಕೊಂಡು ಹೋಗುವಾಗ ಪೆಡಲ್ ಭಾರ ಆಗುತ್ತಿತ್ತು. ದೀಪಕ್ಕೆ ಬೇಕಾದ ಶಕ್ತಿ ಎಲ್ಲಿಂದಲೋ ಪುಕ್ಕಟೆ ಬರುವುದಿಲ್ಲ. ನಮ್ಮ ಕಾಲಿನಿಂದಲೇ ಬರಬೇಕು.

ಕ್ಯಾರವಾನಿನ ಜನರೇಟರೂ ಅದೇ. ಒಂದು ಕಡೆ ಪೆಟ್ರೋಲಿನದ್ದೋ, ಡೀಸೆಲಿನದ್ದೋ, ಗ್ಯಾಸಿನದ್ದೋ ಎಂಜಿನ್. ಇನ್ನೊಂದು ಕಡೆ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್. ಸ್ವಿಚ್ ಹಾಕಿ ಕರೆಂಟ್ ಎಳೆದ ಕೂಡಲೇ ಆಲ್ಟರ್ನೇಟರಿನ ಸುರುಳಿಯಲ್ಲಿ ಹರಿಯುವ ಕರೆಂಟ್ ತನ್ನದೇ ಕಾಂತಬಲ ಹುಟ್ಟಿಸಿ, ತಿರುಗುತ್ತಿರುವ ಭಾಗವನ್ನು ಹಿಂದಕ್ಕೆ ಹಿಡಿಯುತ್ತದೆ. ಎಷ್ಟು ಹೆಚ್ಚು ಕರೆಂಟ್ ಎಳೆಯುತ್ತೀರೋ ಅಷ್ಟು ಬಿಗಿ ಹಿಡಿತ. ಎಂಜಿನ್ ಅದನ್ನು ಮೀರಿ ತಿರುಗಬೇಕು.

ಇಲ್ಲಿ ಒಂದು ಕಷ್ಟ ಉಂಟು. ಸೈಕಲಿನಲ್ಲಿ ನಿಧಾನ ಆದರೆ ದೀಪ ಮಂಕಾಗುತ್ತದೆ, ಅಷ್ಟೆ. ಜನರೇಟರ್ ನಿಧಾನ ಆಗಬಾರದು. ಯಾಕೆಂದರೆ ಕರೆಂಟಿನ ಹರ್ಟ್ಸ್ ಎಂಜಿನ್ ತಿರುಗುವ ವೇಗದ ಮೇಲೆಯೇ ನಿಂತಿದೆ. ಭಾರತ, ಯುಎಇ, ಕುವೈತ್‌ಗಳಲ್ಲಿ 50 ಹರ್ಟ್ಸ್ ಬೇಕು. ಅದಕ್ಕೆ ಎರಡು ಧ್ರುವದ ಆಲ್ಟರ್ನೇಟರ್ ನಿಮಿಷಕ್ಕೆ 3000 ಸುತ್ತು ತಿರುಗಬೇಕು, ನಾಲ್ಕು ಧ್ರುವದ್ದಾದರೆ 1500 ಸುತ್ತು. ಸೌದಿಯಲ್ಲಿಯೂ ಅಮೆರಿಕದಲ್ಲಿಯೂ 60 ಹರ್ಟ್ಸ್, ಅಲ್ಲಿ 3600 ಅಥವಾ 1800 ಸುತ್ತು. ಲೋಡ್ ಶೂನ್ಯ ಇರಲಿ, ಪೂರ್ತಿ ಇರಲಿ, ವೇಗ ಹೆಚ್ಚು ಕಮ್ಮಿ ಅಷ್ಟೇ ಇರಬೇಕು.

ಗವರ್ನರ್ ಎಂಬ ಕಾವಲುಗಾರ

ಈ ವೇಗ ಕಾಯುವ ಕೆಲಸ ಗವರ್ನರ್ ಎಂಬ ಭಾಗದ್ದು. ಹಳೆ ಕ್ರಮದ್ದರಲ್ಲಿ ಎಂಜಿನ್ ಜೊತೆ ತಿರುಗುವ ಸಣ್ಣ ತೂಕಗಳು, ಅದಕ್ಕೆ ಎದುರಾಗಿ ಒಂದು ಸ್ಪ್ರಿಂಗ್. ವೇಗ ಹೆಚ್ಚಾದರೆ ತೂಕಗಳು ಹೊರಗೆ ಚಾಚಿ ಥ್ರಾಟಲ್ ಮುಚ್ಚುತ್ತವೆ. ವೇಗ ಇಳಿದರೆ ತೂಕಗಳು ಒಳಗೆ ಬರುತ್ತವೆ, ಸ್ಪ್ರಿಂಗ್ ಥ್ರಾಟಲ್ ತೆರೆಯುತ್ತದೆ, ಇಂಧನ ಹೆಚ್ಚು ಹೋಗುತ್ತದೆ. ಹೊಸದರಲ್ಲಿ ಇದೇ ಕೆಲಸವನ್ನು ಸೆನ್ಸರ್ ಮತ್ತು ಸಣ್ಣ ಮೋಟಾರ್ ಮಾಡುತ್ತವೆ.

ಗಮನಿಸಿ, ವೇಗ ಮೊದಲು ಇಳಿಯಬೇಕು, ಆಮೇಲೆ ಗವರ್ನರಿಗೆ ಗೊತ್ತಾಗಬೇಕು, ಮತ್ತೆ ಇಂಧನ ಹೋಗಬೇಕು. ಈ ಮಧ್ಯದ ಕ್ಷಣವೇ ನಮ್ಮ ಹುಡುಗ ಹೇಳಿದ "ಉಸಿರು ಕಟ್ಟಿದ" ಕ್ಷಣ. ಆ ಹೊತ್ತಿಗೆ ಎಂಜಿನನ್ನು ಕಾಪಾಡುವುದು ತಿರುಗುತ್ತಿರುವ ಭಾರದ ಚಕ್ರದ ಓಟ ಮಾತ್ರ. ಆದ್ದರಿಂದ ಒಮ್ಮೆ ಕುಗ್ಗಿ, ಮತ್ತೆ ಗುಡುಗಿ, ನೆಲೆಗೆ ಬರುವುದು ರೋಗ ಅಲ್ಲ. ಅದು ಅದರ ಸ್ವಭಾವ.

ತೂಕ ಮತ್ತು ಸ್ಪ್ರಿಂಗಿನ ಗವರ್ನರಿನಲ್ಲಿ ಲೋಡ್ ಏರಿದ ಹಾಗೆ ವೇಗ ಸ್ವಲ್ಪ ಕೆಳಗೇ ನಿಲ್ಲುತ್ತದೆ. ಅದಕ್ಕಾಗಿ ಮೆಕ್ಯಾನಿಕ್‌ಗಳು ಲೋಡ್ ಇಲ್ಲದಾಗ 50ರ ಬದಲು 52 ಹರ್ಟ್ಸ್ ಬರುವ ಹಾಗೆ ಇಡುತ್ತಾರೆ. ಲೋಡ್ ಬಿದ್ದಾಗ ಅದು 50ರ ಹತ್ತಿರಕ್ಕೆ ಬರುತ್ತದೆ. ಇದನ್ನು ತಿಳಿಯದೆ ಖಾಲಿ ಓಡುವಾಗಲೇ ಸರಿಯಾಗಿ 50ಕ್ಕೆ ಇಟ್ಟರೆ, ಎಸಿ ಹಾಕುವಾಗ ತೀರಾ ಕೆಳಗೆ ಹೋಗುತ್ತದೆ.

ವೋಲ್ಟೇಜಿಗೆ ಬೇರೆಯೇ ಕಾವಲುಗಾರ ಉಂಟು, ಎವಿಆರ್ ಎನ್ನುತ್ತಾರೆ. ಲೋಡ್ ಹೆಚ್ಚಾಗಿ ವೋಲ್ಟೇಜ್ ಇಳಿದರೆ ಅದು ತಿರುಗುವ ಭಾಗದ ಕಾಂತಬಲ ಹೆಚ್ಚಿಸಿ ಮೇಲಕ್ಕೆ ತರುತ್ತದೆ.

ಯಾವ ಲೋಡ್ ಇಲ್ಲದಿದ್ದರೂ ಸದ್ದು ಏರುತ್ತಾ ಇಳಿಯುತ್ತಾ ಇದ್ದರೆ ಮಾತ್ರ ಅದು ರೋಗವೇ. ಕಾರ್ಬೊರೇಟರಿನಲ್ಲಿ ಕಸ, ಎಲ್ಲಿಯೋ ಗಾಳಿ ಸೋರಿಕೆ, ಅಥವಾ ಗವರ್ನರ್ ಸ್ಪ್ರಿಂಗ್ ಸಡಿಲ. ಅದನ್ನು ರಿಪೇರಿ ಮಾಡಿಸಬೇಕು.

ಎಲ್ಲ ಲೋಡೂ ಒಂದೇ ಅಲ್ಲ

ಕೆಟಲ್, ಇಸ್ತ್ರಿ ಪೆಟ್ಟಿಗೆ, ಹೀಟರ್ ಇವು ಸರಳ ಲೋಡ್. 1000 ವಾಟ್ ಎಂದು ಬರೆದಿದ್ದರೆ ಸುಮಾರು ಅಷ್ಟೇ ಎಳೆಯುತ್ತವೆ. ಮೈಕ್ರೋವೇವ್ ಒಂದು ಸ್ವಲ್ಪ ಮೋಸ ಮಾಡುತ್ತದೆ. ಅದರ ಮೇಲೆ 1000 ವಾಟ್ ಎಂದಿದ್ದರೆ ಅದು ಆಹಾರಕ್ಕೆ ಕೊಡುವ ಬಿಸಿ, ಕರೆಂಟ್ ಎಳೆಯುವುದು ಸುಮಾರು 1500.

ಆದರೆ ನಿಜವಾದ ಪರೀಕ್ಷೆ ಮೋಟಾರ್ ಇರುವ ಸಾಮಾನಿನದ್ದು. ಎಸಿಯ ಕಂಪ್ರೆಸರ್ ನಿಂತಲ್ಲಿಂದ ಏಳುವಾಗ, ಓಡುವಾಗ ಬೇಕಾಗುವ ಕರೆಂಟಿನ ಮೂರರಿಂದ ಆರು ಪಟ್ಟು ಎಳೆಯುತ್ತದೆ. ಕೆಸರಿನಲ್ಲಿ ಹೂತ ಕೈಗಾಡಿಯನ್ನು ಎಬ್ಬಿಸಲಿಕ್ಕೆ ನಾಲ್ಕು ಜನ ಬೇಕು, ಎದ್ದ ಮೇಲೆ ಒಬ್ಬ ಸಾಕು. ಹಾಗೆಯೇ ಇದು. ಈ ಎಳೆತ ಇರುವುದು ಒಂದು ಕ್ಷಣ ಮಾತ್ರ.

ಆ ಕ್ಷಣದಲ್ಲಿ ಜನರೇಟರ್ ಸೋತರೆ ಏನಾಗುತ್ತದೆ? ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜ್ ಇಳಿದರೆ ಮೋಟಾರಿನ ಬಲ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ವೋಲ್ಟೇಜ್ ನೂರಕ್ಕೆ 80 ಆದರೆ ಎಬ್ಬಿಸುವ ಬಲ ನೂರಕ್ಕೆ 64 ಮಾತ್ರ. ಕಂಪ್ರೆಸರ್ ಏಳುವುದಿಲ್ಲ, ಆದರೆ ಕರೆಂಟ್ ಎಳೆಯುತ್ತಲೇ ಇರುತ್ತದೆ, ಸುರುಳಿ ಬಿಸಿಯಾಗುತ್ತದೆ. ಇದು ಮತ್ತೆ ಮತ್ತೆ ಆದರೆ ಕಂಪ್ರೆಸರ್ ಸುಟ್ಟು ಹೋಗುತ್ತದೆ. ಎಸಿ ಆಫ್ ಮಾಡಿ ಕೂಡಲೇ ಆನ್ ಮಾಡಬೇಡಿ ಎನ್ನುವುದು ಇದಕ್ಕೇ. ನಿಂತ ಕಂಪ್ರೆಸರಿನೊಳಗಿನ ಒತ್ತಡ ಸಮ ಆಗಲಿಕ್ಕೆ ಕನಿಷ್ಠ ಮೂರು ನಿಮಿಷ ಬೇಕು. ಒತ್ತಡ ಇರುವಾಗಲೇ ಎಬ್ಬಿಸಿದರೆ ಜನರೇಟರಿಗೂ ಕಷ್ಟ, ಎಸಿಗೂ ಕಷ್ಟ. ಈಗ ಸಾಫ್ಟ್ ಸ್ಟಾರ್ಟರ್ ಎಂಬ ಸಾಧನ ಸಿಗುತ್ತದೆ. ಅದನ್ನು ಎಸಿಗೆ ಜೋಡಿಸಿದರೆ ಕಂಪ್ರೆಸರ್ ಮೆಲ್ಲನೆ ಏಳುತ್ತದೆ, ಸಣ್ಣ ಜನರೇಟರೂ ತಡೆದುಕೊಳ್ಳುತ್ತದೆ.

ಕೈಲೆಕ್ಕ ಮಾಡಿ ನೋಡಿ

ಕ್ಯಾರವಾನಿನಲ್ಲಿ 3000 ವಾಟಿನ ಜನರೇಟರ್ ಉಂಟೆಂದು ಇಟ್ಟುಕೊಳ್ಳಿ. ಎಸಿ ಓಡುವಾಗ 1300, ಫ್ರಿಜ್ ಮತ್ತು ಲೈಟು ಸೇರಿ 200. ಒಟ್ಟು 1500, ಅರ್ಧ ಲೋಡ್, ಏನೂ ತೊಂದರೆ ಇಲ್ಲ. ಯಾರಾದರೂ ಚಹಾಕ್ಕೆಂದು 1800 ವಾಟಿನ ಕೆಟಲ್ ಇಟ್ಟರೋ, 3300 ಆಯಿತು. ಬ್ರೇಕರ್ ಟ್ರಿಪ್ ಆಗುತ್ತದೆ ಅಥವಾ ಎಂಜಿನ್ ನಿಲ್ಲುತ್ತದೆ. ತಪ್ಪು ಡ್ರೈವರಿನದ್ದೂ ಅಲ್ಲ, ಜನರೇಟರಿನದ್ದೂ ಅಲ್ಲ. ಲೆಕ್ಕದ್ದು.

ನಮ್ಮ ಹುಡುಗ ಇನ್ನೊಂದು ಸಂಗತಿ ಹೇಳಿದ. ದಮ್ಮಾಮಿನಲ್ಲಿ ಎಸಿ ಓಡುತ್ತಿರುವಾಗಲೇ ತೋಬ್‌ಗೆ ಇಸ್ತ್ರಿ ಹಾಕುತ್ತಿದ್ದರಂತೆ, ಏನೂ ಆಗುತ್ತಿರಲಿಲ್ಲ. ಬೇಸಗೆಯಲ್ಲಿ ಅಬ್ಹಾಕ್ಕೆ ಹೋದಾಗ ಅದೇ ಬಂಡಿ, ಅದೇ ಜನರೇಟರ್, ಇಸ್ತ್ರಿ ಹಾಕಿದ ಕೂಡಲೇ ಆಫ್. "ಡೀಲರ್ ಮೋಸ ಮಾಡಿದ ಅಂತ ಕಫೀಲರು ಸಿಟ್ಟು ಮಾಡಿಕೊಂಡ್ರು" ಎಂದ.

ಮೋಸ ಯಾರೂ ಮಾಡಿಲ್ಲ. ದಮ್ಮಾಮ್ ಕಡಲ ದಡದ ಊರು. ಅಬ್ಹಾ ಸುಮಾರು 2200 ಮೀಟರ್ ಎತ್ತರದಲ್ಲಿದೆ. ಎತ್ತರ ಏರಿದ ಹಾಗೆ ಗಾಳಿ ತೆಳು ಆಗುತ್ತದೆ, ಎಂಜಿನಿಗೆ ಉಸಿರು ಸಾಲುವುದಿಲ್ಲ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಅಡಿಗೆ ಸುಮಾರು ನೂರಕ್ಕೆ ಮೂರೂವರೆ ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಅಬ್ಹಾದ ಎತ್ತರಕ್ಕೆ ಕಾಲು ಪಾಲು ಹೋಯಿತು. 3000 ವಾಟಿನದ್ದು 2250 ಆಯಿತು. ಎಸಿ 1300, ಇಸ್ತ್ರಿ 1000, ಉಳಿದದ್ದು 200, ಒಟ್ಟು 2500. ಹೇಗೆ ಎಳೆದೀತು? ನಮ್ಮ ಕಡೆಯಿಂದ ಊಟಿಗೆ ಕ್ಯಾರವಾನ್ ತೆಗೆದುಕೊಂಡು ಹೋದರೂ ಇದೇ ಕತೆ, ಅಲ್ಲಿಯ ಎತ್ತರವೂ ಹೆಚ್ಚು ಕಮ್ಮಿ ಅಷ್ಟೇ. ಮಡಿಕೇರಿಗಾದರೆ ಎಂಟನೇ ಒಂದು ಪಾಲು ಕಳೆದು ಲೆಕ್ಕ ಹಾಕಿ.

ಇನ್ವರ್ಟರ್ ಜನರೇಟರ್ ಬೇರೆ ಜಾತಿ

ಇನ್ವರ್ಟರ್ ಎಂದರೆ ನಮ್ಮ ಮನೆಗಳಲ್ಲಿ ಬ್ಯಾಟರಿ ಇಟ್ಟು, ಕರೆಂಟ್ ಹೋದಾಗ ಫ್ಯಾನ್ ತಿರುಗಿಸುವ ಪೆಟ್ಟಿಗೆ. ಇಲ್ಲಿ ಹೇಳುವುದು ಅದಲ್ಲ. ಇನ್ವರ್ಟರ್ ಜನರೇಟರಿನಲ್ಲಿ ಎಂಜಿನ್ ಹುಟ್ಟಿಸಿದ ಕರೆಂಟನ್ನು ಮೊದಲು ಡಿಸಿ ಮಾಡಿ, ಮತ್ತೆ ಎಲೆಕ್ಟ್ರಾನಿಕ್ಸ್ ಮೂಲಕ ಶುದ್ಧ 50 ಅಥವಾ 60 ಹರ್ಟ್ಸ್ ಎಸಿ ಕರೆಂಟ್ ಮಾಡುತ್ತಾರೆ. ಆದ್ದರಿಂದ ಎಂಜಿನ್ ಯಾವಾಗಲೂ 3000 ಸುತ್ತು ಓಡಬೇಕೆಂದಿಲ್ಲ. ಲೈಟು, ಚಾರ್ಜರ್ ಮಾತ್ರ ಇದ್ದರೆ ಮೆಲ್ಲನೆ ಓಡುತ್ತದೆ, ಲೋಡ್ ಬಂದರೆ ವೇಗ ಏರಿಸುತ್ತದೆ. ಪೆಟ್ರೋಲ್ ಉಳಿತಾಯ, ಸದ್ದೂ ಕಮ್ಮಿ.

ಇದರಲ್ಲಿ ಒಂದು ಗುಟ್ಟು ಉಂಟು. ಇಕೋ ಸ್ವಿಚ್ ಆನ್ ಇದ್ದು ಎಂಜಿನ್ ಮೆಲ್ಲನೆ ಓಡುತ್ತಿರುವಾಗ ಎಸಿ ಹಾಕಿದರೆ, ಎಂಜಿನ್ ವೇಗ ಹಿಡಿಯುವ ಮೊದಲೇ ಕಂಪ್ರೆಸರಿನ ಎಳೆತ ಬಂದುಬಿಡುತ್ತದೆ. ಎಲೆಕ್ಟ್ರಾನಿಕ್ಸ್ ತನ್ನ ರಕ್ಷಣೆಗೆ ಕರೆಂಟ್ ಕಡಿದು ಓವರ್‌ಲೋಡ್ ದೀಪ ತೋರಿಸುತ್ತದೆ. ಆದ್ದರಿಂದ ಮೊದಲು ಇಕೋ ಆಫ್ ಮಾಡಿ, ಎಂಜಿನ್ ಪೂರ್ತಿ ವೇಗಕ್ಕೆ ಬರಲಿ, ಮತ್ತೆ ಎಸಿ ಹಾಕಿ, ಅದು ನೆಲೆಗೆ ಬಂದ ನಂತರ ಬೇಕಾದರೆ ಇಕೋ ಆನ್ ಮಾಡಿ. ಆದರೆ ಎಸಿಯ ಕಂಪ್ರೆಸರ್ ಥರ್ಮೋಸ್ಟಾಟಿನಿಂದ ನಿಂತು ನಿಂತು ಏಳುವಂಥದ್ದಾದರೆ ಇಕೋ ಆಫ್ ಇರುವುದೇ ಒಳ್ಳೆಯದು.

ಲೋಡ್ ಇಳಿದಾಗಲೂ ಜಾಗ್ರತೆ

ಲೋಡ್ ಏರುವುದನ್ನೇ ಎಲ್ಲರೂ ನೋಡುತ್ತಾರೆ, ಇಳಿಯುವುದನ್ನು ನೋಡುವುದಿಲ್ಲ. ಎಸಿ ತಟ್ಟನೆ ನಿಂತಾಗ ಎಂಜಿನಿನ ಕುತ್ತಿಗೆಯ ಭಾರ ಒಮ್ಮೆಲೇ ಇಳಿಯುತ್ತದೆ. ಥ್ರಾಟಲ್ ತೆರೆದೇ ಇರುವುದರಿಂದ ಒಂದು ಕ್ಷಣ ವೇಗ, ವೋಲ್ಟೇಜ್ ಎರಡೂ ಏರುತ್ತವೆ. ಗವರ್ನರ್, ಎವಿಆರ್ ಸರಿ ಇದ್ದರೆ ಕೂಡಲೇ ಹಿಡಿತಕ್ಕೆ ಬರುತ್ತದೆ. ಸರಿ ಇಲ್ಲದಿದ್ದರೆ ಟಿವಿ, ಲ್ಯಾಪ್‌ಟಾಪ್ ಚಾರ್ಜರಿಗೆ ಪೆಟ್ಟು. ಜನರೇಟರ್ ನಿಲ್ಲಿಸುವ ಮೊದಲು ಒಂದೊಂದೇ ಸಾಮಾನು ಆಫ್ ಮಾಡಿ, ಕೆಲವು ನಿಮಿಷ ಖಾಲಿ ಓಡಿಸಿ ತಣಿದ ನಂತರ ನಿಲ್ಲಿಸುವುದು ಕ್ರಮ. ಸ್ಟಾರ್ಟ್ ಮಾಡುವಾಗಲೂ ಹಾಗೆಯೇ: ಮೊದಲು ಖಾಲಿ ಓಟ, ಆಮೇಲೆ ದೊಡ್ಡ ಮೋಟಾರ್, ಕೊನೆಗೆ ಸಣ್ಣಪುಟ್ಟದ್ದು.

ಹಾಗೆಂದು ಗಂಟೆಗಟ್ಟಲೆ ಲೋಡ್ ಇಲ್ಲದೆ ಓಡಿಸಬೇಡಿ. ಡೀಸೆಲ್ ಎಂಜಿನ್ ತೀರಾ ಕಮ್ಮಿ ಲೋಡಿನಲ್ಲಿ ಓಡಿದರೆ ಸಾಕಷ್ಟು ಬಿಸಿಯಾಗದೆ, ಇಂಧನ ಪೂರ್ತಿ ಉರಿಯದೆ, ಸೈಲೆನ್ಸರಿನಲ್ಲಿ ಕಪ್ಪು ಎಣ್ಣೆಯಂಥದ್ದು ಕೂಡುತ್ತದೆ. ತಿಂಗಳುಗಟ್ಟಲೆ ಸುಮ್ಮನೆ ಇಟ್ಟರೂ ಹಾಳು. ತಿಂಗಳಿಗೊಮ್ಮೆ ಅರ್ಧ ಲೋಡ್ ಹಾಕಿ ಎರಡು ಗಂಟೆ ಓಡಿಸಿ ಎನ್ನುವುದು ಅಮೆರಿಕದಲ್ಲಿ ಮೋಟಾರ್‌ಹೋಮ್‌ಗಳಿಗೆ ಜನರೇಟರ್ ಮಾಡುವ ಓನನ್ ಕಂಪೆನಿಯವರ ಸಲಹೆ.

ಜೀವಕ್ಕೆ ಸಂಬಂಧಪಟ್ಟ ಮಾತು

ಈಗ ವಡಗರದ ಘಟನೆಗೆ ವಾಪಸ್ ಬರುವ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಈ ಗಾಳಿಯನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆ ತಿರುಗುವುದು, ವಾಕರಿಕೆ, ನಿದ್ದೆಯ ಮಂಪರು ಇದರ ಲಕ್ಷಣ. ಎಚ್ಚರ ಇರುವವನಿಗೆ ಏನೋ ಆಗುತ್ತಿದೆ ಎಂದು ಗೊತ್ತಾದೀತು. ಮಲಗಿದವನು ಏಳುವುದೇ ಇಲ್ಲ.

ಇದಕ್ಕೂ ಲೋಡಿಗೂ ಸಂಬಂಧ ಉಂಟು. ಲೋಡ್ ಹೆಚ್ಚಾದ ಹಾಗೆ ಎಂಜಿನ್ ಹೆಚ್ಚು ಇಂಧನ ಉರಿಸುತ್ತದೆ, ಹೊಗೆಯೂ ಹೆಚ್ಚು ಬರುತ್ತದೆ. ರಾತ್ರಿಯಿಡೀ ಎಸಿ ಎಂದರೆ ರಾತ್ರಿಯಿಡೀ ಹೊಗೆ. ಇನ್ನೊಂದು ಕಡೆ, ಲೋಡ್ ಕಮ್ಮಿಯಾಗಿ ಇನ್ವರ್ಟರ್ ಜನರೇಟರ್ ಮೆಲ್ಲನೆ ಓಡುವಾಗ ಸದ್ದೇ ಕೇಳುವುದಿಲ್ಲ, ಅಪಾಯವೂ ಇಲ್ಲ ಎಂದು ಮನಸ್ಸು ನಂಬುತ್ತದೆ. ಸದ್ದು ಕಮ್ಮಿ ಆದ ಮಾತ್ರಕ್ಕೆ ವಿಷ ಇಲ್ಲ ಎಂದಲ್ಲ. ಕೆಲವು ದೊಡ್ಡ ಮೋಟಾರ್‌ಹೋಮ್‌ಗಳಲ್ಲಿ ಬ್ಯಾಟರಿ ಇಳಿದಾಗ ಅಥವಾ ಒಳಗೆ ಸೆಕೆ ಏರಿದಾಗ ಜನರೇಟರ್ ತನ್ನಿಂದ ತಾನೇ ಸ್ಟಾರ್ಟ್ ಆಗುವ ವ್ಯವಸ್ಥೆ ಇರುತ್ತದೆ. ಶೆಡ್ಡಿನೊಳಗೆ ಬಂಡಿ ನಿಲ್ಲಿಸುವಾಗ ಅದನ್ನು ಆಫ್ ಮಾಡಲೇಬೇಕು.

"ಎಸಿ ಉಂಟಲ್ಲ, ಗಾಳಿ ಬರ್ತದೆ" ಎನ್ನುವವರಿದ್ದಾರೆ. ಇದು ದೊಡ್ಡ ತಪ್ಪು ತಿಳುವಳಿಕೆ. ಸಾಮಾನ್ಯವಾಗಿ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ. ವಿಷ ಒಳಗೆ ಬಂದಿದ್ದರೆ ಅದನ್ನೇ ತಿರುಗಿಸುತ್ತದೆ.

ಮನೆಯವರೆಲ್ಲ ಈ ಮಾತುಗಳನ್ನು ನೆನಪಿಡಲಿ:

1. ಮಲಗುವ ಜಾಗದ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಇರಲೇಬೇಕು. ಹೊಗೆ ಬಂದಾಗ ಕೂಗುವ ಸಾಧಾರಣ ಅಲಾರ್ಮ್ ಇದಕ್ಕೆ ಆಗುವುದಿಲ್ಲ, ಎರಡೂ ಬೇರೆ ಬೇರೆ. ಕ್ಯಾರವಾನ್ ಬಾಡಿಗೆಗೆ ತೆಗೆದುಕೊಳ್ಳುವಾಗ ಬೆಲೆ ಕೇಳುವ ಮೊದಲು ಇದನ್ನು ಕೇಳಿ.

2. ಜನರೇಟರ್ ಓಡುತ್ತಿರುವಾಗ ಒಳಗೆ ಮಲಗಬೇಡಿ. ಮಲಗುವ ಮೊದಲು ಎಸಿಯಲ್ಲಿ ಬಂಡಿ ತಂಪು ಮಾಡಿಕೊಂಡು, ಜನರೇಟರ್ ನಿಲ್ಲಿಸಿ, ಕಿಟಕಿ ತೆರೆದು ಬ್ಯಾಟರಿಯ ಫ್ಯಾನಿನಲ್ಲಿ ಮಲಗಿ. ಅಥವಾ ಕರೆಂಟ್ ಕನೆಕ್ಷನ್ ಸಿಗುವ ಜಾಗದಲ್ಲಿ ಬಂಡಿ ನಿಲ್ಲಿಸಿ.

3. ಬಂಡಿಯಲ್ಲೇ ಕೂರಿಸಿದ ಜನರೇಟರ್ ಆದರೆ ಹೊಗೆ ಕೊಳವೆ ಬಿರುಕು ಬಿಟ್ಟಿದೆಯೇ, ಜನರೇಟರ್ ಪೆಟ್ಟಿಗೆಗೂ ಒಳಗಿನ ಕೋಣೆಗೂ ನಡುವೆ ವಯರು ಹೋಗುವ ತೂತು ತೆರೆದಿದೆಯೇ ಎಂದು ಪ್ರತಿ ಪ್ರಯಾಣದ ಮೊದಲು ಮೆಕ್ಯಾನಿಕ್ ಹತ್ತಿರ ನೋಡಿಸಿ. ಗೋಡೆಗೆ, ಮರಳ ದಿಬ್ಬಕ್ಕೆ, ಎತ್ತರದ ಹುಲ್ಲಿಗೆ ಕೊಳವೆ ತಾಗುವ ಹಾಗೆ ನಿಲ್ಲಿಸಬೇಡಿ.

4. ಎತ್ತಿಕೊಂಡು ಹೋಗುವ ಜನರೇಟರ್ ಆದರೆ ಬಂಡಿಯಿಂದ, ಡೇರೆಯಿಂದ ಕನಿಷ್ಠ 20 ಅಡಿ ದೂರ ಇಡಿ, ಹೊಗೆಯ ಬಾಯಿ ಆಚೆ ಕಡೆಗಿರಲಿ. ಪಕ್ಕದ ಡೇರೆಯವರ ಜನರೇಟರಿನ ಹೊಗೆ ನಿಮ್ಮ ಕಡೆ ಬರುತ್ತದೆಯೇ ಎಂದೂ ನೋಡಿ.

5. ಇಬ್ಬರಿಗೆ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಊಟದ ದೋಷ ಎಂದು ಕೂರಬೇಡಿ. ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಫೋನ್. ನಮ್ಮಲ್ಲಿ 108, ಸೌದಿಯಲ್ಲಿ 997, ಯುಎಇಯಲ್ಲಿ 998.

ಮಳೆಗಾಲದಲ್ಲಿ ಕರೆಂಟ್ ಹೋದಾಗ, ಮದುವೆ ಮನೆಯ ರಾತ್ರಿಗೆ ನಾವು ಬಾಡಿಗೆಗೆ ತರುವ ಜನರೇಟರಿಗೂ ಇದೇ ಲೆಕ್ಕ, ಇದೇ ಅಪಾಯ. ಮಳೆ ಬರುತ್ತದೆಂದು ಅದನ್ನು ಜಗಲಿಯೊಳಗೆ, ಅಡುಗೆ ಚಪ್ಪರದೊಳಗೆ ತಂದಿಡುವವರಿದ್ದಾರೆ. ಯಂತ್ರ ಒದ್ದೆಯಾಗಬಾರದು, ನಿಜ. ಅದಕ್ಕೆ ಹೊರಗೆ ಬೇರೆಯೇ ಒಂದು ಶೀಟ್ ಕಟ್ಟಿ ಕೊಡಿ, ಜನ ಕೂರುವ ಮಾಡಿನಡಿಗೆ ತರಬೇಡಿ.

ಆ ಹುಡುಗ ಮುಂದಿನ ತಿಂಗಳು ಮತ್ತೆ ಹೊಸ ವೀಸಾದಲ್ಲಿ ಹೋಗುವವನಿದ್ದಾನೆ. ಅವನ ಉಮ್ಮ ಹಲ್ವ, ಉಪ್ಪಿನಕಾಯಿ ಕಟ್ಟಿ ಕೊಡುವವರು. ಅಲ್ಲಿ ಮುಟ್ಟಿದ ಕೂಡಲೇ ಅಂಗಡಿಯಿಂದ ಒಂದು ಸಿಒ ಅಲಾರ್ಮ್ ತೆಗೆದು ಬಂಡಿಯಲ್ಲಿ ಹಾಕಿಸು, ಕಫೀಲರಿಗೂ ಹೇಳು ಎಂದದ್ದಕ್ಕೆ, "ಆಯ್ತು ಉಸ್ತಾದ್, ಅವರಿಗೆ ಹೇಳ್ಲಿಕ್ಕೆ ನನಗೆ ಈಗ ಮಾತು ಉಂಟು" ಎಂದ. ನಿಮ್ಮ ಮನೆಯಿಂದಲೂ ಯಾರಾದರೂ ಗಲ್ಫಿನಲ್ಲಿ ಡ್ರೈವರ್ ಕೆಲಸದಲ್ಲಿದ್ದರೆ, ಇವತ್ತು ರಾತ್ರಿ ಫೋನ್ ಮಾಡುವಾಗ ಊಟ ಆಯಿತಾ ಎಂದು ಕೇಳಿದ ಮೇಲೆ, ಎಲ್ಲಿ ಮಲಗುತ್ತೀ, ಹತ್ತಿರ ಜನರೇಟರ್ ಓಡ್ತದಾ ಎಂದೂ ಒಮ್ಮೆ ಕೇಳಿ.